ಮನೆಯಂಗಳದ ಓಟ ಗೆಲ್ಲಲು ನಲವತ್ತಮೂರು ವರ್ಷ

ಮೆಕ್ಸಿಕೋದ ಗುಸ್ತಾವೊ ವಿಲ್ದೋಸೊಲಾ ಬಗ್ಗೆ ಬರೆಯಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅಲ್ಲಿನವರು ಅವರನ್ನು ತಾವೊ ಎಂದು ಕರೆಯುತ್ತಾರೆ. ತಂದೆಯ ಹೆಸರೂ ಗುಸ್ತಾವೊ. 2010ರ ನವೆಂಬರಿನಲ್ಲಿ ಈ ತಂದೆ ಮಗ ಒಂದೇ ಗಾಡಿಯನ್ನು ಸರದಿಯ ಮೇಲೆ ಓಡಿಸಿ, ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದಲ್ಲಿ ನಡೆಯುವ ಬಾಹಾ 1000 ಎಂಬ ಮರುಭೂಮಿ ವಾಹನ ಓಟವನ್ನು ಗೆದ್ದರು. ಎನ್ಸೆನಾಡಾದಿಂದ ಲಾ ಪಾಸ್‌ವರೆಗೆ ಸುಮಾರು 1,700 ಕಿಲೋಮೀಟರ್ ಮರುಭೂಮಿ, ಸುಮಾರು 19 ಗಂಟೆ. 1967ರಿಂದ ಈ ಓಟ ನಡೆಯುತ್ತಿರುವುದು ಮೆಕ್ಸಿಕೋದ ನೆಲದಲ್ಲೇ. ಆದರೂ ನಾಲ್ಕು ಚಕ್ರದ ವಾಹನಗಳಲ್ಲಿ ಒಟ್ಟಾರೆ ಮೊದಲ ಸ್ಥಾನ ಮೆಕ್ಸಿಕೋದವರಿಗೆ ದಕ್ಕಿದ್ದು ಅದೇ ಮೊದಲು.

ಇದನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ಊರಿನವನಿಗೆ ಊರ ದಾರಿ ಗೊತ್ತಿರುತ್ತದೆ, ಗೆದ್ದರೆ ಅದರಲ್ಲೇನು ಹೆಚ್ಚುಗಾರಿಕೆ?" ಈ ಮಾತನ್ನು ನಾನು ಒಪ್ಪುವುದಿಲ್ಲ. ದಾರಿ ಗೊತ್ತಿದ್ದವರಿಗೆ ಬಾಹಾದಲ್ಲಿ ಎಂದೂ ಬರವಿರಲಿಲ್ಲ. ಆ ಪರ್ಯಾಯ ದ್ವೀಪದ ದನಗಾಹಿಗಳಿಗೆ, ಮೀನುಗಾರರಿಗೆ, ಹಳ್ಳಿಯ ಮೆಕ್ಯಾನಿಕ್‌ಗಳಿಗೆ ಅಲ್ಲಿನ ಒಂದೊಂದು ಒಣಹಳ್ಳವೂ ಗೊತ್ತಿತ್ತು. ಆದರೆ ಓಟವನ್ನು ಕಟ್ಟಿದವರು ಗಡಿಯ ಆಚೆಯ ಕ್ಯಾಲಿಫೋರ್ನಿಯಾದವರು. 1962ರಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಹೋಂಡಾ ಬೈಕುಗಳಲ್ಲಿ ತಿಹ್ವಾನಾದಿಂದ ಲಾ ಪಾಸ್‌ಗೆ ಹೋಗಿ, ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ತಂತಿ ಕಚೇರಿಯಿಂದ ಸಾಕ್ಷಿ ಮಾಡಿಸಿಕೊಂಡರು. ಐದು ವರ್ಷಗಳ ಬಳಿಕ ಅದೇ ಹುಚ್ಚು ದೊಡ್ಡ ಓಟವಾಯಿತು. ಮೊದಲ ವರ್ಷ ಗೆದ್ದ ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್ ಓಡಿಸಿದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಪುಟ್ಟ ಡ್ಯೂನ್ ಬಗ್ಗಿ, ಅಂದರೆ ಮರಳ ದಿಬ್ಬಗಳ ಮೇಲೆ ಓಡುವ ಹಗುರ ಗಾಡಿ. ಉತ್ತರದಿಂದ ದಕ್ಷಿಣದವರೆಗೆ ಡಾಂಬರು ರಸ್ತೆ ಪೂರ್ಣಗೊಂಡದ್ದು 1973ರಲ್ಲಿ. ಅಷ್ಟರಲ್ಲಿ ಗಾಡಿ ಕಟ್ಟುವ ಗ್ಯಾರೇಜುಗಳು, ಬಿಡಿಭಾಗ ಮಾರುವವರು, ಪ್ರಾಯೋಜಕರು, ಪತ್ರಿಕೆಗಳು ಎಲ್ಲವೂ ಗಡಿಯ ಆ ಬದಿಯಲ್ಲಿ ಬೇರೂರಿದ್ದವು. ಬೇರೆ ಬೇರೆ ವಿಭಾಗಗಳಲ್ಲಿ ಮೆಕ್ಸಿಕೋದ ಚಾಲಕರು ಗೆಲ್ಲುತ್ತಲೇ ಬಂದರು. ಒಟ್ಟಾರೆ ಪ್ರಶಸ್ತಿ ಮಾತ್ರ ಪ್ರತಿ ವರ್ಷ ಗಡಿ ದಾಟಿ ಹೋಗುತ್ತಿತ್ತು.

ಗಾಡಿಯ ಬಗ್ಗೆ ಒಂದಿಷ್ಟು ಹೇಳದಿದ್ದರೆ ಈ ಗೆಲುವಿನ ತೂಕ ತಿಳಿಯುವುದಿಲ್ಲ. ಅವರು ಓಡಿಸಿದ್ದು ಟ್ರೋಫಿ ಟ್ರಕ್. ಈ ವರ್ಗ ಬಂದದ್ದು 1994ರಲ್ಲಿ. ದೂರದಿಂದ ನೋಡಿದರೆ ಪಿಕಪ್ ವಾಹನದಂತೆ ಕಾಣುತ್ತದೆ. ಆದರೆ ಆ ಮೈ ಬರೀ ಫೈಬರ್‌ಗ್ಲಾಸ್ ಹೊದಿಕೆ. ಒಳಗಿರುವುದು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಪಂಜರ, 800 ಅಶ್ವಶಕ್ತಿಗೂ ಮೀರಿದ ವಿ-8 ಎಂಜಿನ್, ಹಿಂದಿನ ಚಕ್ರ ಎರಡು ಅಡಿಗೂ ಹೆಚ್ಚು ಮೇಲೆ ಕೆಳಗೆ ಆಡಬಲ್ಲ ಸಸ್ಪೆನ್ಷನ್. ಬೆನ್ನ ಮೇಲೆ ಬಿಡಿ ಚಕ್ರಗಳು. ಟೈರು ಒಡೆದರೆ ಚಾಲಕ ಮತ್ತು ನ್ಯಾವಿಗೇಟರ್ ಇಬ್ಬರೇ ಇಳಿದು, ಗಾಡಿಯಲ್ಲೇ ಅಳವಡಿಸಿದ ಹೈಡ್ರಾಲಿಕ್ ಜಾಕಿನಿಂದ ಎತ್ತಿ, ಹಿಂದಿನಿಂದ ಬರುತ್ತಿರುವವರ ದೀಪಗಳ ಮೇಲೆ ಒಂದು ಕಣ್ಣಿಟ್ಟು ಬದಲಿಸಬೇಕು. ಇಂಥ ಗಾಡಿಗೆ ಲಕ್ಷಾಂತರ ಡಾಲರ್ ಬೇಕು. ಅದನ್ನು ಓಡಿಸುವ ಕುಟುಂಬ ಬಡವರದ್ದಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಹಣವೇ ಗೆಲ್ಲಿಸುವುದಾಗಿದ್ದರೆ, ಹಣವಿದ್ದೂ ಅರ್ಧ ದಾರಿಯಲ್ಲಿ ಗೇರ್‌ಬಾಕ್ಸ್ ಮುರಿದುಕೊಂಡು ನಿಂತ ಇಷ್ಟೊಂದು ತಂಡಗಳು ಆ ಓಟದ ಇತಿಹಾಸದಲ್ಲಿ ಇರುತ್ತಿರಲಿಲ್ಲ.

ಓಟದ ಒಳಗೆ ಒಮ್ಮೆ ಇಣುಕಿ ನೋಡಿ. ಬಾಹಾದ ದಾರಿಯಲ್ಲಿ ಕೆಲವೆಡೆ ನೆಲವೇ ಇರುವುದಿಲ್ಲ, ರಾಗಿ ಹಿಟ್ಟಿನಷ್ಟು ನುಣುಪಾದ ಧೂಳಿನ ಹಾಸಿಗೆ ಇರುತ್ತದೆ. ಗಾಡಿ ಅದಕ್ಕೆ ಇಳಿದ ಕೂಡಲೇ ಧೂಳು ನೀರಿನಂತೆ ಚಿಮ್ಮಿ ಗಾಜಿನ ಮೇಲೆ ಸುರಿಯುತ್ತದೆ. ವೇಗ ತಗ್ಗಿಸಿದರೆ ಚಕ್ರ ಹೂತು ಅಲ್ಲೇ ಕೂರುತ್ತದೆ. ತಗ್ಗಿಸದಿದ್ದರೆ ಎದುರಿಗೆ ಈಗಾಗಲೇ ಹೂತು ನಿಂತ ಗಾಡಿಗೆ ಗುದ್ದಬಹುದು. ರಾತ್ರಿ ಗಾಳಿ ಬಿದ್ದುಹೋದರೆ ಮುಂದೆ ಹೋದವರ ಧೂಳು ಗಂಟೆಗಟ್ಟಲೆ ದಾರಿಯ ಮೇಲೆ ತೂಗಾಡುತ್ತದೆ, ಎಷ್ಟು ದೀಪ ಹಾಕಿದರೂ ಬಿಳಿ ಗೋಡೆಯೇ ಕಾಣುವುದು. ಆಗ ಚಾಲಕನಿಗೆ ಉಳಿಯುವುದು ಹೆಲ್ಮೆಟ್ಟಿನೊಳಗಿನ ದನಿ ಮಾತ್ರ. ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಜಿಪಿಎಸ್ ಪರದೆ ನೋಡುತ್ತ ಎಡ, ಬಲ, ಮುಂದೆ ಅಪಾಯ ಎಂದು ಹೇಳುತ್ತಲೇ ಇರಬೇಕು. ಇದು ಸಾಲದೆಂದು, ಗಾಡಿ ಹಾರುವುದನ್ನು ನೋಡುವ ಆಸೆಗೆ ಪ್ರೇಕ್ಷಕರೇ ದಾರಿಯಲ್ಲಿ ಗುಂಡಿ ತೋಡುತ್ತಾರೆ, ದಿಬ್ಬ ಕಟ್ಟುತ್ತಾರೆ. ಓಟಕ್ಕೆ ಮುನ್ನ ವಾರಗಟ್ಟಲೆ ದಾರಿ ಅಳೆದು ಗುರುತು ಹಾಕಿಕೊಂಡವನಿಗೂ ನಿನ್ನೆ ರಾತ್ರಿ ತೋಡಿದ ಗುಂಡಿ ಗೊತ್ತಿರುವುದಿಲ್ಲ. ಊರ ದಾರಿ ಗೊತ್ತು ಎನ್ನುವ ವಾದ ಇಲ್ಲಿಗೆ ಮುಗಿಯಿತು ಎಂದೇ ನನ್ನ ಭಾವನೆ.

ಇನ್ನು ಆ ವರ್ಷದ ವಿಷಯ. ವಿಲ್ದೋಸೊಲಾ ಅವರ ಊರು ಮೆಕ್ಸಿಕಾಲಿ. ಅಮೆರಿಕದ ಗಡಿಗೆ ಅಂಟಿಕೊಂಡ, ಬೇಸಿಗೆಯಲ್ಲಿ ಕೆಂಡದಂತೆ ಸುಡುವ ಊರು. ಪಶ್ಚಿಮಕ್ಕೆ ಲಗೂನಾ ಸಲಾಡಾ ಎಂಬ ಬತ್ತಿದ ಸರೋವರ, ದಕ್ಷಿಣಕ್ಕೆ ಸಾನ್ ಫೆಲಿಪೆಯ ಮರಳು. 2010ರ ಏಪ್ರಿಲ್ 4, ಈಸ್ಟರ್ ಭಾನುವಾರ, ಆ ಊರಿನ ದಕ್ಷಿಣಕ್ಕೆ 7.2 ತೀವ್ರತೆಯ ಭೂಕಂಪವಾಯಿತು. ಕಣಿವೆಯ ನೀರಾವರಿ ಕಾಲುವೆಗಳು ಬಿರುಕು ಬಿಟ್ಟವು, ಹೊಲಗಳಲ್ಲಿ ನೆಲದಡಿಯಿಂದ ಮರಳು ನೀರು ಉಕ್ಕಿತು. ಗಡಿ ನಾಡಿನಲ್ಲಿ ಮಾದಕ ವಸ್ತು ದಂಧೆಯ ಹಿಂಸೆ ಸುದ್ದಿಯಾಗಿದ್ದ ಕಾಲವೂ ಅದೇ. ಹೊರಗಿನವರು ಬಾಹಾಕ್ಕೆ ಬರಲು ಹಿಂದೆ ಮುಂದೆ ನೋಡುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಹೋರಾಟದ ಇನ್ನೂರನೆಯ ವರ್ಷ, ಕ್ರಾಂತಿಯ ನೂರನೆಯ ವರ್ಷ. ಅಂಥ ವರ್ಷದ ನವೆಂಬರಿನಲ್ಲಿ ಮೆಕ್ಸಿಕಾಲಿಯ ಅಪ್ಪ ಮಗ ಲಾ ಪಾಸ್ ತಲುಪಿ ಗೆದ್ದರು. ಭೂಕಂಪಕ್ಕೂ ಗೆಲುವಿಗೂ ನಂಟು ಕಟ್ಟಲು ನಾನು ಹೋಗುವುದಿಲ್ಲ. ಆದರೆ ಆ ಊರಿನ ಜನರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು ಎಂದು ಯೋಚಿಸಿದರೆ ನನ್ನ ಎದೆ ತುಂಬಿ ಬರುತ್ತದೆ.

ತಂದೆ ಮಗ ಒಂದೇ ಗಾಡಿ ಹಂಚಿಕೊಳ್ಳುವುದೂ ಸುಲಭದ ಮಾತಲ್ಲ. ಮೊದಲು ಓಡಿಸುವವನು ಗಾಡಿಯನ್ನು ಜಜ್ಜಿದರೆ ಎರಡನೆಯವನು ಅದರ ಫಲ ಉಣ್ಣುತ್ತಾನೆ. ವೇಗದ ಆಸೆ ಎಷ್ಟಿದ್ದರೂ ಮುಂದಿನವನಿಗೆ ಮುರಿಯದ ಗಾಡಿ ಒಪ್ಪಿಸಬೇಕು. ಬಾಹಾದ ಒಳ್ಳೆಯ ಚಾಲಕರಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಈ ಹಿಡಿತವನ್ನು.

ತಾವೊ ಅಲ್ಲಿಗೆ ನಿಲ್ಲಲಿಲ್ಲ, ಆ ಬಳಿಕವೂ ಟ್ರೋಫಿ ಟ್ರಕ್‌ನಲ್ಲಿ ಓಡುತ್ತಲೇ ಬಂದರು. ಮುಂದೆ ತೆಕಾಟೆ ಊರಿನ ಕಾರ್ಲೋಸ್ ಲೋಪೆಸ್, ಎಲ್ಲರ ಬಾಯಲ್ಲಿ ಅಪ್ದಾಲಿ, ಬಾಹಾ 1000 ಗೆದ್ದರು. ಎನ್ಸೆನಾಡಾದ ಅಂಪೂಡಿಯಾ ಸಹೋದರರು ಮುಂಚೂಣಿಗೆ ಬಂದರು. ಮೆಕ್ಸಿಕೋದ ಹೆಸರು ಪಟ್ಟಿಯ ತುದಿಯಲ್ಲಿ ಕಂಡರೆ ಈಗ ಯಾರೂ ಬೆರಗಾಗುವುದಿಲ್ಲ. ಹಾಗಾಗಿಯೇ, ತಾವೊ ಎಷ್ಟು ಓಟ ಗೆದ್ದರು ಎಂದು ಎಣಿಸಿ ಅವರ ವೃತ್ತಿ ಜೀವನಕ್ಕೆ ಅಂಕ ಹಾಕುವವರ ಮೇಲೆ ನನಗೆ ತಕರಾರಿದೆ. ಅಮೆರಿಕದ ಹೆಸರಾಂತ ಬಾಹಾ ಚಾಲಕ ಇವಾನ್ ಸ್ಟೂವರ್ಟ್‌ನಂಥವರ ಗೆಲುವಿನ ಪಟ್ಟಿಯ ಪಕ್ಕದಲ್ಲಿಟ್ಟರೆ ಅವರದು ಚಿಕ್ಕದಾಗಿ ಕಾಣಬಹುದು. ಆದರೆ 43 ವರ್ಷ ಮುಚ್ಚಿದ್ದ ಬಾಗಿಲು ತೆರೆದವರನ್ನು, ತೆರೆದ ಬಾಗಿಲಿನಲ್ಲಿ ನಡೆದವರ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ.

ನಮ್ಮ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ಎಂಬ ಬಹುದೂರದ ರ್‍ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದಾಗಲೂ "36ನೆಯದೇ?" ಎಂದು ಮೂಗು ಮುರಿದವರಿದ್ದರು. ಡಾಕಾರ್ ಪೂರೈಸಿದ ಮೊದಲ ಭಾರತೀಯ ಅವರು. ಅಂದು ಬಂದ ಸಿಟ್ಟೇ ತಾವೊ ವಿಷಯದಲ್ಲೂ ಬರುತ್ತದೆ.

ಬಾಹಾ 1000 ನಡೆಯುವುದು ನವೆಂಬರಿನಲ್ಲಿ. ಗಾಡಿಗಳನ್ನು ಸಮಯದ ಅಂತರವಿಟ್ಟು ಒಂದೊಂದಾಗಿ ಬಿಡುತ್ತಾರೆ, ಆದ್ದರಿಂದ ಮೊದಲು ತಲುಪಿದವನೇ ಗೆದ್ದನೆಂದು ಅವಸರ ಪಡಬೇಡಿ. ಸಮಯ ಲೆಕ್ಕ ಹಾಕಿ, ದಂಡ ಸೇರಿಸಿ ಫಲಿತಾಂಶ ಕೊಡುತ್ತಾರೆ. ನಮ್ಮ ಕೆ-1000 ರ್‍ಯಾಲಿಯಲ್ಲೋ ಚಿಕ್ಕಮಗಳೂರಿನ ರ್‍ಯಾಲಿಯಲ್ಲೋ ನ್ಯಾವಿಗೇಟರ್ ಆಗಿ ಕೂತವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಮುಂದಿನ ದಾರಿ ಕಾಣದಷ್ಟು ಧೂಳಿದ್ದಾಗ ಚಾಲಕನಿಗೆ ಏನು ಹೇಳುತ್ತೀರಿ, ಅವನು ಕೇಳುತ್ತಾನೆಯೇ? ಕೆಳಗೆ ಬರೆಯಿರಿ.