ಸತ್ಯಾಂಶ: ಪ್ರಜಾಪ್ರಭುತ್ವ ಶುರುಮಾಡಿದ್ದು ಪೆರಿಕ್ಲಿಸ್ ಅಲ್ಲ

"ಅಥೆನ್ಸ್‌ನಲ್ಲಿ ಪ್ರಜಾಪ್ರಭುತ್ವ ಹುಟ್ಟುಹಾಕಿ ಎಲ್ಲರಿಗೂ ಮತ ಕೊಟ್ಟವನು ಪೆರಿಕ್ಲಿಸ್" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಪೆರಿಕ್ಲಿಸ್ ಪ್ರಾಚೀನ ಗ್ರೀಸ್‌ನ ಅಥೆನ್ಸ್ ನಗರದ ನಾಯಕ. ಆದರೆ ಸಂದೇಶ ನಿಜವಲ್ಲ. ಬುನಾದಿ ಹಾಕಿದ್ದು ಅಥೆನ್ಸ್‌ನ ಇನ್ನೊಬ್ಬ ನಾಯಕ ಕ್ಲೈಸ್ತೆನಿಸ್, ಕ್ರಿ.ಪೂ. 508ರ ಹೊತ್ತಿಗೆ. ಪೆರಿಕ್ಲಿಸ್ ಆಗಿನ್ನೂ ಹುಟ್ಟಿರಲೇ ಇಲ್ಲ.

ಹಾಗಂತ ಅವನ ಪಾಲು ಚಿಕ್ಕದಲ್ಲ. ನ್ಯಾಯಾಲಯದಲ್ಲಿ ಕೂತು ತೀರ್ಪು ಕೊಡುವ ಸಾಮಾನ್ಯ ಜನರಿಗೆ ದಿನದ ಭತ್ಯೆ ಕೊಡಿಸಿದ. ಕೆಲಸ ಬಿಟ್ಟು ಬಂದರೆ ಅಂದಿನ ಊಟಕ್ಕೇನು ಎನ್ನುವ ಬಡವನೂ ಅಲ್ಲಿ ಕೂರುವಂತಾಯಿತು. ನನಗೆ ಅವನ ದೊಡ್ಡ ಕೆಲಸ ಇದೇ ಅನಿಸುತ್ತದೆ.

ಆದರೆ ಹೆಂಗಸರಿಗೆ, ಗುಲಾಮರಿಗೆ ಮತವಿರಲಿಲ್ಲ. ತಂದೆ, ತಾಯಿ ಇಬ್ಬರೂ ಅಥೆನ್ಸ್‌ನವರಾದರೆ ಮಾತ್ರ ಪೌರತ್ವ ಎಂದು ಕ್ರಿ.ಪೂ. 451ರಲ್ಲಿ ಕಾನೂನು ತಂದವನೂ ಅವನೇ. ಮುಂದೆ ಪಿಡುಗಿಗೆ ಅವನ ಇಬ್ಬರು ಗಂಡುಮಕ್ಕಳು ಬಲಿಯಾದರು. ಅವನ ಸಂಗಾತಿ ಅಸ್ಪೇಸಿಯಾ ಮಿಲೀಟಸ್ ಎಂಬ ಬೇರೆ ನಗರದವಳು, ಹಾಗಾಗಿ ಅವಳಲ್ಲಿ ಹುಟ್ಟಿದ ಮಗನಿಗೆ ಆ ಕಾನೂನಿನಂತೆ ಪೌರತ್ವವಿರಲಿಲ್ಲ. ಆಗ, ಆ ಮಗನಿಗೆ ಪೌರತ್ವ ಕೊಡಿ ಎಂದು ಅಥೆನ್ಸ್‌ನ ಜನರನ್ನೇ ಕೇಳಿಕೊಂಡ. ಅವರು ಕೊಟ್ಟರು.