ಅವ್ವನ ಹೆಬ್ಬೆಟ್ಟು, ಅಪ್ಪ ಹಾಕದ ಸಹಿ

ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಮನೆ ಕೊಂಡ ವರ್ಷವೇ ನಾನೂ ನನ್ನ ಹೆಂಡತಿಯೂ ವಿಲ್ ಬರೆಸಿದೆವು. ವಕೀಲರು ಮೊದಲು ಕೇಳಿದ್ದು ಆಸ್ತಿಯ ಬಗ್ಗೆ ಅಲ್ಲ, ‘ನೀವಿಬ್ಬರೂ ಇಲ್ಲವಾದರೆ ಮಗಳನ್ನು ಯಾರು ಸಾಕಬೇಕು?’ ಎಂದು. ಆ ಒಂದು ಹೆಸರು ಬರೆಯಲು ನಮಗೆ ಎರಡು ವಾರ ಹಿಡಿಯಿತು. ಇಲ್ಲಿ ಸಹಿ ಮಾಡುವಾಗ ಇಬ್ಬರು ಸಾಕ್ಷಿಗಳೂ ಒಟ್ಟಿಗೆ ಎದುರಿಗಿರಬೇಕು. ಸಾಕ್ಷಿ ಹಾಕಿದವರಿಗೆ ಅದೇ ವಿಲ್‌ನಲ್ಲಿ ಬರೆದದ್ದು ದಕ್ಕುವುದಿಲ್ಲ. ಪಕ್ಕದ ಮನೆಯ ದಂಪತಿ ಬಂದು, ಸಹಿ ಹಾಕಿ, ಚಹಾ ಕುಡಿದು ಹೋದರು.

ಅದೇ ಬೇಸಿಗೆಯಲ್ಲಿ ಸೇಡಂ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಪಡಸಾಲೆಯಲ್ಲಿ ಅಪ್ಪನ ಮುಂದೆ ಈ ಮಾತು ತೆಗೆದೆ. ಅಪ್ಪ ಏನೂ ಅನ್ನಲಿಲ್ಲ. ಅವ್ವ ಮಾತ್ರ, “ಹಂಥಾ ಮಾತು ಯಾಕ ಆಡ್ಲತ್ತೀ ತಮ್ಮಾ, ಅವರು ಇನ್ನಾ ಗಟ್ಟಿ ಅದಾರ” ಎಂದು ಕಣ್ಣು ತುಂಬಿಕೊಂಡಳು. “ಪಾಲಿನ ಮಾತು ಬಂತಂದ್ರ ಮನಿ ಒಡೀತದ” ಎಂದರು ಕಾಕಾ. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ಟ್ರಂಕು ತೆರೆದೆವು. ಮೇಲೆಯೇ ಮುತ್ಯಾನ, ಅಂದರೆ ಅಜ್ಜನ, ಹೊಲದ ಉರ್ದು ಕಾಗದಗಳು. ನಿಜಾಮರ ಕಾಲದ ದಾಖಲೆ, ಈಗ ಮನೆಯಲ್ಲಿ ಓದುವವರಿಲ್ಲ. ಕೆಳಗೆ ಪಹಣಿಗಳು, ಮೂರು ಪಾಸ್‌ಬುಕ್, ಒಂದು ವಿಮೆ ಬಾಂಡ್. ಬಾಂಡಿನಲ್ಲಿ ನಾಮಿನಿ ಅಪ್ಪನ ತಾಯಿ. ಮದುವೆಗೆ ಮುಂಚೆ ಮಾಡಿಸಿದ್ದು, ಆಮೇಲೆ ಯಾರೂ ಬದಲಿಸಿಲ್ಲ. ಆಯಿ ಹೋಗಿ ಇಪ್ಪತ್ತು ವರ್ಷ. ಒಂದು ಬ್ಯಾಂಕ್ ಖಾತೆಗೆ ನಾನು ನಾಮಿನಿ ಆಗಿದ್ದೆ. “ಹಂಗಾದ್ರ ಆ ರೊಕ್ಕ ನಿಂದೇ” ಎಂದರು ನೆಂಟರು. ಅಲ್ಲವೇ ಅಲ್ಲ. ಬ್ಯಾಂಕಿನಿಂದ ಹಣ ಇಸಿದುಕೊಳ್ಳುವುದಷ್ಟೇ ನಾಮಿನಿಯ ಕೆಲಸ, ಹಕ್ಕು ವಾರಸುದಾರರದು. ಷೇರುಗಳ ವಿಚಾರದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ.

ಆಮೇಲೆ ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅಂತ ಓಡಾಟ. ಕಚೇರಿಯಲ್ಲಿ ಅವ್ವನ ಹೆಬ್ಬೆಟ್ಟನ್ನು ಮಷೀನು ಹಿಡಿಯಲೇ ಇಲ್ಲ. ಐವತ್ತು ವರ್ಷ ತೊಗರಿ ಕೊಯ್ದ, ಜೋಳದ ರೊಟ್ಟಿ ತಟ್ಟಿದ ಕೈ, ಗೆರೆಗಳೇ ಸವೆದಿದ್ದವು. ಸೆರಗಿಗೆ ಒರೆಸಿಕೊಂಡು, ಒತ್ತಿ, ಮತ್ತೆ ಒರೆಸಿಕೊಂಡು ಒತ್ತಿದಳು. ಗಂಡ ಸತ್ತ ಎರಡನೇ ತಿಂಗಳಲ್ಲಿ ಅವಳು ಆ ಸಾಲಿನಲ್ಲಿ ನಿಲ್ಲಬೇಕಾಗಿ ಬಂತು.

ನನಗೆ ಇನ್ನೂ ನೋಯುವುದು ಅಕ್ಕ–ತಂಗಿಯ ವಿಷಯ. ಊರ ಹಿರಿಯರೊಬ್ಬರು ಸಹಜವಾಗಿ, “ಅವರಿಬ್ಬರ್ದೂ ಹಕ್ಕು ಬಿಟ್ಟ ಕಾಗದಕ್ಕ ಸಹಿ ಮಾಡಿಸಿಬಿಡು, ಒಂದೊಂದು ಇಲಕಲ್ ಸೀರಿ ಉಡಿಸಿದ್ರ ಆಯ್ತು” ಎಂದರು. ವಿಲ್ ಇಲ್ಲದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಗಳಿಕೆಯಲ್ಲಿ ಹೆಂಡತಿಗೂ ಮಕ್ಕಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಒಪ್ಪಿತು, ದೇಶ 2005ರಲ್ಲಿ. ಆದರೂ ಅಕ್ಕ ನನ್ನ ಮುಖ ನೋಡದೆ, “ನಂಗ ಹೊಲ ಬ್ಯಾಡ ತಮ್ಮಾ, ತವರು ಇದ್ರ ಸಾಕು” ಎಂದಳು. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದು ಅವಳಿಗೆ ಕಲಿಸಿದವರು ನಾವೇ. ಅಪ್ಪನಿಗೆ ಅವಳೆಂದರೆ ಜೀವ. ಅವರೇ ಎರಡು ಸಾಲು ಬರೆದಿಟ್ಟಿದ್ದರೆ ಅವಳು ಯಾರಿಗೂ ಅಂಜಬೇಕಿರಲಿಲ್ಲ.

ಇಂಗ್ಲೆಂಡಿನದೆಲ್ಲ ಚೆಂದ ಅಂತಲ್ಲ. ತೀರಿಕೊಂಡವರು ಬಿಟ್ಟುಹೋದದ್ದರಲ್ಲಿ ಸಾಮಾನ್ಯವಾಗಿ 3,25,000 ಪೌಂಡಿನ ಮೇಲಿನ ಆಸ್ತಿಗೆ ಶೇ. 40 ತೆರಿಗೆ, ನಮ್ಮಲ್ಲಿ ಅಂಥ ತೆರಿಗೆ 1985ರಲ್ಲೇ ಹೋಯಿತು. ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ವಿಲ್ ಗುಟ್ಟು. ತಾಯಿ ಏನು ಬರೆದಿದ್ದಾಳೆಂದು ಮಕ್ಕಳಿಗೆ ಗೊತ್ತಾಗುವುದು ಮಣ್ಣು ಮಾಡಿ ಬಂದ ಮೇಲೆ. ಎಲ್ಲರೂ ಪಡಸಾಲೆಯಲ್ಲಿ ಕೂತು ಬಾಯಿಬಿಟ್ಟು ಮಾತಾಡುವ ನಮ್ಮ ರೂಢಿ ನನಗೆ ಇದಕ್ಕಿಂತ ಇಷ್ಟ. ಆದರೆ ಆಡಿದ್ದನ್ನು ಬರೆಯುವುದಿಲ್ಲವಲ್ಲ, ಅದೇ ನನ್ನ ಸಂಕಟ. ಬರೆಯುವುದೇನು ಕಷ್ಟವೂ ಅಲ್ಲ. ನಮ್ಮ ದೇಶದಲ್ಲಿ ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರು ಸಹಿ ಮಾಡಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಅವರೆದುರೇ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸ್ವಂತ ದುಡಿಮೆಯದನ್ನು ಪೂರ್ತಿ ಬರೆಯಬಹುದು, ಮುತ್ಯಾನಿಂದ ಬಂದದ್ದರಲ್ಲಿ ತಮ್ಮ ಪಾಲಿನಷ್ಟು ಮಾತ್ರ. ‘ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ) ಕೊಟ್ಟೀನಲ್ಲ’ ಎನ್ನುವವರಿದ್ದಾರೆ. ಕೊಟ್ಟವರು ತೀರಿಕೊಂಡ ಗಳಿಗೆಗೇ ಅದು ಮುಗಿಯುತ್ತದೆ.

ಅಪ್ಪ ತನ್ನ ಸಂಬಳದಲ್ಲಿ ಕೊಂಡ ಹೊಲವನ್ನು ನಾವು ನಾಲ್ಕು ಪಾಲು ಮಾಡಿ ನೋಂದಾಯಿಸಿದೆವು. ಅಕ್ಕ–ತಂಗಿಯ ಹೆಸರು ಪಹಣಿಗೆ ಬಂತು, ತವರು ಎಲ್ಲಿಯೂ ಹೋಗಲಿಲ್ಲ. ಹೋದ ಡಿಸೆಂಬರಿನಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಅವ್ವ ತಾನಾಗಿ ತನ್ನ ಪಾಲಿನ ವಿಲ್ ಹೇಳಿ ಬರೆಸಿದಳು. ಬೋರಮಾಳ ಯಾವ ಮೊಮ್ಮಗಳಿಗೆ ಎನ್ನುವುದೂ ಅದರಲ್ಲಿತ್ತು. ಸಾಕ್ಷಿಗೆ ಬಂದ ಶಾಲೆಯ ಮಾಸ್ತರರೂ ಡಾಕ್ಟರರೂ ಕೂತಿದ್ದರು. ಅಕ್ಕ ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದಳು. ಓದು ಬರಹ ಬಾರದ ಅವ್ವ ಸರ್ವೆ ನಂಬರಿನ ಹತ್ತಿರ ಕೈಯೆತ್ತಿ ತಡೆದಳು.

“ಹಿಸ್ಸಾ ಎರಡಲ್ಲವ್ವಾ, ಮೂರು. ಬೇವಿನ ಗಿಡದ ಕಡೀದು.”