ಎಷ್ಟು ಡಿಗ್ರಿ ಅಂತ ಕೇಳಬೇಡಿ, ಎಷ್ಟು ಗಾಳಿ ಅಂತ ಕೇಳಿ

ಕಳೆದ ವರ್ಷ ಕಾಳುಮೆಣಸು ಒಣಗಿಸೋಕೆ ಮನೆಯಲ್ಲೇ ಒಂದು ಸೋಲಾರ್ ಏರ್ ಹೀಟರ್ ಮಾಡಿಕೊಂಡೆ. ಎರಡು ಚದರ ಮೀಟರ್ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಕಪ್ಪು ಬಳಿದ ತಗಡು, ತಗಡಿನ ಅಡಿಯಲ್ಲಿ ಗಾಳಿ ಹೋಗೋ ದಾರಿ, ತುದಿಗೊಂದು ಫ್ಯಾನ್. ಫ್ಯಾನ್ ನಿಧಾನ ಮಾಡಿದರೆ ಗಾಳಿ 70 ಡಿಗ್ರಿ ಮುಟ್ಟುತ್ತಿತ್ತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮೆಣಸು ಮಾತ್ರ ಅಂಗಳದಲ್ಲಿ ಹರವಿದ್ದೇ ಮೊದಲು ಒಣಗಿತು!

ಆಮೇಲೆ ಕೂತು ಲೆಕ್ಕ ಹಾಕಿದೆ. ಮಧ್ಯಾಹ್ನ ಪೆಟ್ಟಿಗೆ ಮೇಲೆ ಬೀಳುವ ಬಿಸಿಲು ಸುಮಾರು 1800 ವ್ಯಾಟ್. ಸೆಕೆಂಡಿಗೆ 10 ಗ್ರಾಂ ಗಾಳಿ 40 ಡಿಗ್ರಿ ಏರಿದರೆ ಕೈಗೆ ಸಿಗೋದು ಬರೀ 400 ವ್ಯಾಟ್, ಅಂದರೆ ನೂರಕ್ಕೆ 22. ಉಳಿದದ್ದರಲ್ಲಿ ಬಹುಪಾಲು ಕಾದ ತಗಡಿನಿಂದ ಗಾಜು ದಾಟಿ ವಾಪಸ್ ಹೊರಗೆ. ಫ್ಯಾನ್ ಜೋರು ಮಾಡಿ 40 ಗ್ರಾಂ ಬಿಟ್ಟು, ಅದು 20 ಡಿಗ್ರಿಯಷ್ಟೇ ಏರಿದರೂ 800 ವ್ಯಾಟ್! ಮೆಣಸಿಗೂ 50 ಡಿಗ್ರಿ ಗಾಳಿಯೇ ಒಳ್ಳೆಯದು, ಜಾಸ್ತಿ ಕಾಯಿಸಿದರೆ ಅದರ ಘಮ ಹಾರಿಹೋಗುತ್ತದೆ. ಮಾರೋರು '80 ಡಿಗ್ರಿ ಬರುತ್ತೆ ಸಾರ್' ಅಂದರೆ ನನಗೀಗ ಸಿಟ್ಟೇ ಬರುತ್ತದೆ.

ಆದರೆ ಫ್ಯಾನ್ ಜೋರು ಮಾಡಿದಷ್ಟಕ್ಕೇ ಮುಗಿಯಲಿಲ್ಲ. ತಗಡಿಗೆ ಅಂಟಿಕೊಂಡಂತೆ ಒಂದು ತೆಳು ಗಾಳಿಯ ಪದರ ಅಲ್ಲಾಡದೆ ಕೂತಿರುತ್ತದೆ, ಕಂಬಳಿ ಹೊದ್ದ ಹಾಗೆ. ಗಾಳಿಗೆ ಮೊದಲೇ ಶಾಖ ಎಳೆದುಕೊಳ್ಳೋದು ಕಷ್ಟ, ಮೇಲೆ ಈ ಕಂಬಳಿ ಬೇರೆ. ಅದನ್ನು ಹರಿಯೋಕೆ ತಗಡಿನ ಅಡಿ ಬದಿಗೆ ಒಂದೂವರೆ ಮಿಲಿಮೀಟರ್ ತಂತಿಗಳನ್ನು ಬೆರಳಗಲ ಬಿಟ್ಟು ಓರೆಯಾಗಿ ಕೂರಿಸಿದೆ. ಗಾಳಿ ತಂತಿಗೆ ಎಡವಿ ಸುಳಿ ಸುತ್ತುತ್ತದೆ, ಹೊಸ ಗಾಳಿ ಬಂದು ತಗಡನ್ನು ಮುಟ್ಟುತ್ತದೆ. ಅಷ್ಟೇ ಬಿಸಿಲು, ಅಷ್ಟೇ ಗಾಳಿ, ಆದರೂ ಮೂರು ಡಿಗ್ರಿ ಜಾಸ್ತಿ ಸಿಕ್ಕಿತು.

ಸೋರಿಕೆ ಹುಡುಕಿದ್ದು ಊದುಬತ್ತಿಯಲ್ಲಿ. ಗಾಜಿನ ಅಂಚಿಗೆ ಹಿಡಿದರೆ ಹೊಗೆ ಸುರ್ರಂತ ಒಳಗೆ ಹೋಗುತ್ತಿತ್ತು, ನಾಲ್ಕು ಕಡೆ! ಶಾಖ ಹೊರಗೆ ಹೋಗದಿರಲಿ ಅಂತ ಪೆಟ್ಟಿಗೆಗೆ ಥರ್ಮಾಕೋಲ್ ಹಾಕಿದ್ದಂತೂ ನನ್ನದೇ ಪೆದ್ದುತನ. ಒಂದು ದಿನ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಕರಗಿ ಮುದುಡಿಹೋಯಿತು, ಈಗ ಗ್ಲಾಸ್ ವೂಲ್, ಅಂದರೆ ಗಾಜಿನ ಎಳೆಗಳ ಹತ್ತಿಯಂಥದ್ದು ಇದೆ.

ದಪ್ಪ ತಂತಿ ಹಾಕಿದರೆ ಇನ್ನೂ ಒಳ್ಳೇದಲ್ವಾ ಅಂತ ಮೂರು ಮಿಲಿಮೀಟರಿನದ್ದನ್ನೂ ನೋಡಿದೆ. ಗಾಳಿಗೆ ಅಡ್ಡಿ ಜಾಸ್ತಿಯಾಗಿ ಫ್ಯಾನ್ ಏದುಸಿರು ಬಿಡೋಕೆ ಶುರು ಮಾಡಿತು. ಎಲ್ಲ ಕಿತ್ತು ಹಳೇ ತಂತಿಯನ್ನೇ ಕೂರಿಸಿದ್ದೇನೆ.